ತೆರೆಯ ಮೇಲಣ ಸಂದರ್ಶನ

ಉನ್ನತ ವ್ಯಾಸಂಗಕ್ಕಾಗಿ ದೂರದ ವಿಶ್ವವಿದ್ಯಾನಿಲಯವನ್ನು ಸೇರಬಯಸಿದ ನಮ್ಮ ನಾಡಿನ ವಿದ್ಯಾರ್ಥಿಗೆ ಬಹುಕಾಲದವರೆಗೆ ಎರಡು ಪರೀಕ್ಷೆಗಳಿದ್ದುವು. ಒಂದು ವಿಶ್ವವಿದ್ಯಾನಿಲಯದವರು ಇಟ್ಟದ್ದು. ಇನ್ನೊಂದು ರೈಲ್ವೆಯವರು ಇಟ್ಟದ್ದು. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಸುಮಾರು ಒಂದೂವರೆ ದಿನದ ಪ್ರಯಾಣ. ಹೋಗಿಬರುವ ಖರ್ಚು, ಅಲ್ಲಿ ಇಳಿದುಕೊಳ್ಳುವ ಏರ್ಪಾಡು, ಹೆಣ್ಣುಮಗಳಾದರೆ ಜತೆಗೆ ತಂದೆಯೋ ಅಣ್ಣನೋ ಕೆಲಸ ಬಿಟ್ಟು ಹೊರಡಬೇಕಾದ ಅನಿವಾರ್ಯ: ಇವೆಲ್ಲವೂ ಕಾಲು ಗಂಟೆಯ ಒಂದು ಸಂದರ್ಶನಕ್ಕಾಗಿ. ಈ ಎರಡನೆಯ ಪರೀಕ್ಷೆಯಲ್ಲಿ ಸೋತವರ ಹೆಸರು ಯಾವ ಪಟ್ಟಿಯಲ್ಲಿಯೂ ಪ್ರಕಟವಾಗಲಿಲ್ಲ.

2020ರಲ್ಲಿ ಕೊರೋನಾ ಸಾಂಕ್ರಾಮಿಕದ ಕಾರಣ ವಿದ್ಯಾಸಂಸ್ಥೆಗಳು ಬಾಗಿಲು ಹಾಕಬೇಕಾಗಿ ಬಂದಾಗ ಸಂದರ್ಶನಗಳು ಕಂಪ್ಯೂಟರಿನ ತೆರೆಯ ಮೇಲೆ ನಡೆಯತೊಡಗಿದುವು. ಬಾಗಿಲು ಮತ್ತೆ ತೆರೆದ ಮೇಲೆ ಕೆಲವು ಸಂಸ್ಥೆಗಳು ಹಳೆಯ ಪದ್ಧತಿಗೇ ಮರಳಿದುವು. ಕೆಲವು ಹೊಸದನ್ನೇ ಉಳಿಸಿಕೊಂಡಿವೆ. ಹೊರದೇಶದ ವಿಶ್ವವಿದ್ಯಾನಿಲಯಗಳಂತೂ ನಮ್ಮವರನ್ನು ಮಾತನಾಡಿಸುವುದು ಬಹುಮಟ್ಟಿಗೆ ಈ ಬಗೆಯಲ್ಲಿಯೇ. ಆದುದರಿಂದ ನಮ್ಮಲ್ಲಿ ಯಾರಾದರೂ ಎಂ.ಎ.ಗೋ ಪಿಎಚ್.ಡಿ.ಗೋ ಅರ್ಜಿ ಹಾಕಿದರೆ ಇಂಥ ಸಂದರ್ಶನವನ್ನು ಎದುರಿಸಬೇಕಾಗಿ ಬರುವ ಸಂಭವ ಇದ್ದೇ ಇದೆ.

ಅದರ ಬೆಲೆ ಅಲ್ಪವಾದುದಲ್ಲ. ಪಿಎಚ್.ಡಿ. ಪ್ರವೇಶದ ಬಗ್ಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರಲ್ಲಿ ಹೊರಡಿಸಿದ ನಿಯಮಾವಳಿಯಂತೆ, ವಿಶ್ವವಿದ್ಯಾನಿಲಯವೇ ಪ್ರವೇಶಪರೀಕ್ಷೆ ನಡೆಸಿದಲ್ಲಿ ಆ ಪರೀಕ್ಷೆಗೆ ನೂರಕ್ಕೆ 70, ಸಂದರ್ಶನಕ್ಕೆ 30ರ ತೂಕ. 2024ರಲ್ಲಿ ನೆಟ್ ಪರೀಕ್ಷೆಯ ಅಂಕಗಳನ್ನೇ ಪ್ರವೇಶಕ್ಕೆ ಪರಿಗಣಿಸುವ ಏರ್ಪಾಡು ಬಂದಾಗಲೂ ಇದೇ ಪ್ರಮಾಣ ಉಳಿಯಿತು, ಜೆ.ಆರ್.ಎಫ್. ಪಡೆದವರಿಗೆ ಸಂದರ್ಶನವೊಂದೇ ನಿರ್ಣಾಯಕವೆಂದಾಯಿತು. ಹೀಗಿರಲು, 'ಮನೆಯಲ್ಲೇ ಕುಳಿತು ಮಾತನಾಡುವುದು ತಾನೆ' ಎಂಬ ಔದಾಸೀನ್ಯ ಸಲ್ಲದು.

ತೆರೆಯ ಮೇಲಣ ಮಾತು ಎದುರುಬದುರು ಕುಳಿತು ಆಡುವ ಮಾತಿನಂತಲ್ಲ. ವ್ಯತ್ಯಾಸವೆಲ್ಲಿದೆಯೆಂಬುದನ್ನು ತಿಳಿದರೆ ಅರ್ಧ ಸಿದ್ಧತೆ ಮುಗಿದಂತೆ. ಭಾಷಾವಿಜ್ಞಾನಿಗಳು ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು ನೋಡಿ 2009ರಲ್ಲಿ ಪ್ರಕಟಿಸಿದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಮೊದಲಾಗುವುದಕ್ಕೆ ಹಿಡಿಯುವ ಕಾಲ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗ ಮಾತ್ರ. ಇಷ್ಟು ಸೂಕ್ಷ್ಮವಾದ ಲಯಕ್ಕೆ ನಮ್ಮ ಕಿವಿ ಒಗ್ಗಿಕೊಂಡಿದೆ. ಅಂತರ್ಜಾಲದಲ್ಲಾದರೋ ಧ್ವನಿಯು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಸ್ವಲ್ಪ ಕಾಲ ಬೇಕು. ಅದು ಸೆಕೆಂಡಿನ ಸಾವಿರದ 150 ಭಾಗದೊಳಗಿದ್ದರೆ ತೊಂದರೆಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಆದರೆ ಪ್ರಶ್ನೆ ಇತ್ತ ಬರುವುದಕ್ಕೊಮ್ಮೆ, ಉತ್ತರ ಅತ್ತ ಮುಟ್ಟುವುದಕ್ಕೊಮ್ಮೆ, ಈ ವಿಳಂಬ ಎರಡು ಸಲ ಕೂಡುತ್ತದೆ. ಹಳ್ಳಿಯ ಸಿಗ್ನಲ್ಲಿನಲ್ಲಿ ಅದು ಇನ್ನೆಷ್ಟೋ ಪಟ್ಟು ಬೆಳೆಯಬಹುದು.

ಇದರಿಂದಾಗುವುದೇನು? ನೀವು ತಡಮಾಡದೆ ಉತ್ತರಿಸಿದ್ದರೂ ಅತ್ತಣ ಪ್ರಾಧ್ಯಾಪಕರಿಗೆ ನೀವು ತಡವರಿಸಿದಂತೆ ತೋರುತ್ತದೆ. 'ಪ್ರಶ್ನೆ ತಿಳಿಯಲಿಲ್ಲವೇನೋ' ಎಂದು ಅವರು ಬಿಡಿಸಿ ಹೇಳಲು ತೊಡಗುವರು. ಅಷ್ಟರಲ್ಲಿ ನಿಮ್ಮ ಉತ್ತರವೂ ಹೋಗಿ ಮುಟ್ಟಿ ಎರಡು ಧ್ವನಿಗಳು ಡಿಕ್ಕಿ ಹೊಡೆಯುವುವು. ಮಾತಿನಲ್ಲಿ ಇಂಥ ವಿಳಂಬವನ್ನು ಬೇಕೆಂದೇ ಸೇರಿಸಿ ಪರೀಕ್ಷಿಸಿದ ಜರ್ಮನಿಯ ಸಂಶೋಧಕರು 2014ರಲ್ಲಿ ತಿಳಿಸಿದ ಸಂಗತಿ ಗಮನಾರ್ಹ: ತಡವಾದುದು ತಂತಿಯಲ್ಲಿ, ಆದರೆ ಕೇಳುವವರು ತಪ್ಪನ್ನು ಹೊರಿಸಿದ್ದು ಮಾತನಾಡುವವನ ಸ್ವಭಾವದ ಮೇಲೆ, ಅವನಿಗೆ ಗಮನ ಸಾಲದು, ಸ್ನೇಹಪರತೆ ಸಾಲದು ಎಂದು! ಇದಕ್ಕೆ ಉಪಾಯ ಸರಳವಾದುದು. ಪ್ರಶ್ನೆ ಮುಗಿದೊಡನೆ 'ಸರಿ, ಸರ್' ಎಂದೋ 'ತಿಳಿಯಿತು, ಮೇಡಂ' ಎಂದೋ ಒಂದು ಚಿಕ್ಕ ಮಾತನ್ನು ಮೊದಲು ಕಳುಹಿಸಬೇಕು. ಆಮೇಲೆ ಯೋಚಿಸಿ ಉತ್ತರಿಸಬಹುದು. ಉತ್ತರಗಳು ಗಿಡ್ಡವಾಗಿರಲಿ. ಮುಗಿಯಿತೆಂಬುದು ಕೊನೆಯ ವಾಕ್ಯದಲ್ಲಿಯೇ ತಿಳಿಯುವಂತಿರಲಿ. ಧ್ವನಿಗಳು ಕೂಡಿಕೊಂಡರೆ ನಾವೇ ನಿಲ್ಲಿಸಿ ಅವರಿಗೆ ದಾರಿ ಬಿಡುವುದು ಲೇಸು.

ಇನ್ನು ಕಣ್ಣಿನ ಮಾತು. ತೆರೆಯಲ್ಲಿ ಕಾಣುವ ಮುಖವನ್ನು ನೋಡಿದರೆ ಎದುರಿನವರಿಗೆ ನಾವು ಬೇರೆಲ್ಲೋ ನೋಡುತ್ತಿರುವಂತೆ ಕಾಣುವುದು. ಕ್ಯಾಮರದ ಕಣ್ಣನ್ನೇ ನೋಡುತ್ತಿದ್ದರೆ ನಮಗೆ ಅವರ ಮುಖ ಕಾಣದು. ಸ್ಟ್ಯಾನ್‌ಫರ್ಡಿನ ಮಿಲ್ಟನ್ ಚೆನ್ 2002ರಲ್ಲಿ ಕಂಡುಕೊಂಡಂತೆ, ದೃಷ್ಟಿ ಪಕ್ಕಕ್ಕೆ ಅಥವಾ ಮೇಲಕ್ಕೆ ಕೊಂಚ ಸರಿದರೂ ನೋಡುವವರಿಗೆ ಗೊತ್ತಾಗುತ್ತದೆ. ಕೆಳಕ್ಕೆ ಸ್ವಲ್ಪ ಇಳಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದುದರಿಂದ ಪ್ರಾಧ್ಯಾಪಕರ ಚಿತ್ರವನ್ನು ಕ್ಯಾಮರದ ಕೆಳಕ್ಕೇ ಸರಿಸಿಕೊಂಡರೆ ಎರಡು ಕೆಲಸವೂ ಆದಂತೆ. ಲ್ಯಾಪ್‌ಟಾಪ್ ಇಲ್ಲವೆಂಬ ಚಿಂತೆ ಬೇಡ. ಮೊಬೈಲನ್ನು ಅಡ್ಡವಾಗಿ, ಕಣ್ಣಿನ ಎತ್ತರಕ್ಕೆ, ಪುಸ್ತಕಗಳ ಅಟ್ಟಿಯ ಮೇಲೆ ನಿಲ್ಲಿಸಿದರೆ ಸಾಕು. ಕೈಯಲ್ಲಿ ಹಿಡಿದು ಮಾತನಾಡಕೂಡದು. ಬೆಳಕು ಎದುರಿನಿಂದ ಬೀಳಬೇಕು, ಬೆನ್ನ ಹಿಂದಿನ ಕಿಟಕಿಯಿಂದಲ್ಲ. ತಂತಿಯ ಇಯರ್‌ಫೋನು ಉತ್ತಮ. ಅದೇ ಫೋನಿಗೆ ಸೋದರತ್ತೆಯ ಕುಶಲಪ್ರಶ್ನೆಯ ಕರೆ ಬಂದು ಸಂದರ್ಶನ ತುಂಡಾಗದಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ದಿನಕ್ಕೆ ಒಂದೂವರೆ ಜಿ.ಬಿ.ಯ ಮಿತಿಯುಳ್ಳವರು ಬೆಳಗಿನ ಹೊತ್ತೇ ಸಿನಿಮಾ ನೋಡಿ ಅದನ್ನು ಮುಗಿಸಿರಬಾರದೆಂಬುದನ್ನು ಹೇಳಬೇಕಾಗಿಲ್ಲ.

ಹೊರದೇಶದ ಸಂದರ್ಶನವಾದರೆ ಗಡಿಯಾರವನ್ನು ಎರಡು ಸಲ ನೋಡಿರಿ. ನ್ಯೂಯಾರ್ಕಿನ ಬೆಳಿಗ್ಗೆ 10 ಗಂಟೆ ಫೆಬ್ರವರಿಯಲ್ಲಿ ನಮ್ಮ ರಾತ್ರಿ ಎಂಟೂವರೆ. ಮಾರ್ಚಿಯ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುವುದರಿಂದ ಆಮೇಲೆ ಅದೇ 10 ಗಂಟೆ ನಮಗೆ ಏಳೂವರೆಯಾಗುತ್ತದೆ. ಲಂಡನ್ನಿನವರು ಇದನ್ನೇ ಮಾರ್ಚಿಯ ಕಡೆಯ ಭಾನುವಾರ ಮಾಡುತ್ತಾರೆ. ಸಂದರ್ಶನಗಳ ಕಾಲವೂ ಹೆಚ್ಚುಕಡಿಮೆ ಇದೇ ಆದುದರಿಂದ ಎಚ್ಚರ ಅಗತ್ಯ.

ಇದುವರೆಗೆ ಹೇಳಿದ್ದೆಲ್ಲ ಪಾತ್ರೆಯ ವಿಚಾರ. ಇನ್ನು ಅದರೊಳಗಣ ಪದಾರ್ಥ. ಇತಿಹಾಸದ ವಿದ್ಯಾರ್ಥಿನಿಯೊಬ್ಬಳು ಹಳೆಯ ಮೈಸೂರು ಪ್ರಾಂತದ ಕೆರೆಗಳನ್ನು ಕುರಿತು ಸಂಶೋಧಿಸುವೆನೆಂದು ಬರೆದಿದ್ದಾಳೆಂದು ಇಟ್ಟುಕೊಳ್ಳೋಣ. ಆಕೆಯನ್ನು ಕೆರೆ ಎಂದರೇನೆಂದು ಯಾರೂ ಕೇಳುವುದಿಲ್ಲ. ಯಾವ ತಾಲ್ಲೂಕು, ಯಾವ ಶತಮಾನ, ಅದೇ ಏಕೆ? ಆಧಾರಗಳೆಲ್ಲಿವೆ? ಬಿ. ಎಲ್. ರೈಸರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಯಾವ ಸಂಪುಟವನ್ನು ನೋಡಿದ್ದೀರಿ? ಶಾಸನದಲ್ಲಿ ದಾನಿಯ ಹೆಸರಿರುತ್ತದೆ, ಮಣ್ಣು ಹೊತ್ತವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅವರ ಕಥೆಯನ್ನು ಎಲ್ಲಿಂದ ತರುವಿರಿ? ಹೀಗೆ ಸಾಗುತ್ತದೆ ಪ್ರಶ್ನಾವಳಿ. ಉರು ಹೊಡೆದ ಉತ್ತರ ಎರಡನೆಯ ಪ್ರಶ್ನೆಗೇ ಮುಗ್ಗರಿಸುವುದು. ತೆರೆಯ ಅಂಚಿಗೆ ಚೀಟಿ ಅಂಟಿಸಿಕೊಂಡು ಓದಿದರೆ, ಅಥವಾ ಇನ್ನೊಂದು ಯಂತ್ರದಿಂದ ಉತ್ತರ ಎತ್ತಿ ಒಪ್ಪಿಸಿದರೆ, ಸಾಲಿನಿಂದ ಸಾಲಿಗೆ ಓಡುವ ಕಣ್ಣುಗಳೇ ಸಾಕ್ಷಿ ಹೇಳಿಬಿಡುತ್ತವೆ. ಅದಕ್ಕಿಂತ, ತನ್ನ ವಿಷಯವನ್ನು ಎರಡು ನಿಮಿಷದಲ್ಲಿ ಆ ವಿಷಯವೇ ಗೊತ್ತಿಲ್ಲದ ಗೆಳತಿಗೆ ತಿಳಿಸಿ, ಆಕೆ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳುವುದು ಮೇಲು. ಆ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿದರೆ ಎಲ್ಲೆಲ್ಲಿ ನುಂಗಿದ್ದೇವೆ, ಎಲ್ಲೆಲ್ಲಿ ಓಡಿದ್ದೇವೆ ಎಂಬುದೂ ತಿಳಿಯುವುದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಭಯ ಎಲ್ಲಕ್ಕಿಂತ ದೊಡ್ಡದು. ಭಾಷೆಯ ತೊಡಕು ನಿಜವಾದುದೇ. ಅದನ್ನು ಇಲ್ಲವೆಂದು ಹೇಳುವುದು ಸುಳ್ಳು ಸಮಾಧಾನ. ಆದರೆ ತೆರೆಯ ಮೇಲೆ ವೇಗದ ಇಂಗ್ಲಿಷಿಗಿಂತ ನಿಧಾನದ ಇಂಗ್ಲಿಷು ಚೆನ್ನಾಗಿ ಮುಟ್ಟುತ್ತದೆಂಬುದೂ ನಿಜ. ಅದೇ ಕೆರೆಯ ವಿದ್ಯಾರ್ಥಿನಿಯನ್ನು ನೋಡಿ. 'ನೀರುಗಂಟಿ' ಎಂಬ ಮಾತಿಗೆ ಇಂಗ್ಲಿಷ್ ಪದ ಸಿಗದೆ ಆಕೆ ಸುಮ್ಮನಾಗಬೇಕಾಗಿಲ್ಲ. ಕನ್ನಡದ ಮಾತನ್ನೇ ಹೇಳಿ, ತೂಬು ತೆರೆದು ಗದ್ದೆಗದ್ದೆಗೆ ನೀರಿನ ಸರದಿ ಹಂಚುವ ಗ್ರಾಮಸೇವಕನೆಂದು ಒಂದು ಸರಳ ವಾಕ್ಯದಲ್ಲಿ ಬಿಡಿಸಿದರಾಯಿತು. ಶಾಸನಗಳಲ್ಲಿ ಬರುವ 'ಬಿತ್ತುವಟ್ಟ', ಎಂದರೆ ಕೆರೆಯ ನಿರ್ಮಾಣ ರಕ್ಷಣೆಗಳಿಗಾಗಿ ಬಿಟ್ಟ ಭೂಮಿ, ಎಂಬುದನ್ನು ಆಕೆ ಮೂಲದಲ್ಲಿಯೇ ಓದಬಲ್ಲಳು. ಭಾಷಾಂತರವನ್ನು ನಂಬಿ ಬರುವ ಅಭ್ಯರ್ಥಿಗೆ ಈ ಅನುಕೂಲವಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನಾಚಬಾರದು. ನಾವು ಹೇಳದಿದ್ದರೆ ಅತ್ತಣವರಿಗೆ ಅದು ತಿಳಿಯುವ ಬಗೆಯಾದರೂ ಹೇಗೆ? ಕೊಠಡಿಯೊಳಗೆ ಕಾಲಿಟ್ಟ ವಿದ್ಯಾರ್ಥಿಯ ನಡೆನುಡಿಯೆಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ತೆರೆಯಲ್ಲಿ ಕಾಣುವುದು ಎದೆಯಿಂದ ಮೇಲಿನ ಒಂದು ಚೌಕ ಮಾತ್ರ.

ಮಾತಿನ ನಡುವೆ ಸಂಪರ್ಕ ಕಡಿದರೆ ಗಾಬರಿಯಾಗದೆ ಅದೇ ಕೊಂಡಿಯಿಂದ ಮತ್ತೆ ಒಳಹೋಗುವುದು. ಆಗದಿದ್ದರೆ ಕೂಡಲೆ ಎರಡು ಸಾಲಿನ ಈ-ಮೇಲ್ ಕಳುಹಿಸುವುದು. ಸಂದರ್ಶನ ನಡೆಸುವ ಕಛೇರಿಯ ದೂರವಾಣಿ ಸಂಖ್ಯೆಯನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು.

ಕಡೆಯದಾಗಿ ಅಧ್ಯಾಪಕ ವರ್ಗದವರಲ್ಲಿ ಒಂದು ಬಿನ್ನಹ. ರೈಲಿನ ಖರ್ಚು ತಪ್ಪಿತು, ನಿಜ. ಆದರೆ ಒಂದೇ ಕೋಣೆಯ ಮನೆಯಲ್ಲಿ ತಮ್ಮತಂಗಿಯರ ಗಲಾಟೆ, ಕುಕ್ಕರಿನ ಸೀಟಿ, ಪಕ್ಕದ ಬೀದಿಯ ಧ್ವನಿವರ್ಧಕ, ಹೇಳದೆ ಕೇಳದೆ ಹೋಗುವ ಕರೆಂಟು, ಇವುಗಳ ನಡುವೆ ಅರ್ಧ ಗಂಟೆಯ ಮೌನ ಎಲ್ಲಿಂದ ಬರಬೇಕು? ಕಾಲೇಜಿನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಕೊಠಡಿ, ಒಂದು ಮೇಜು, ಯು.ಪಿ.ಎಸ್. ಇರುವ ಒಂದು ಕಂಪ್ಯೂಟರು, ಇಷ್ಟನ್ನು ಸಂದರ್ಶನದ ದಿನ ವಿದ್ಯಾರ್ಥಿಗೆ ಒದಗಿಸಿದರೆ, ಮತ್ತು ಅದರ ಹಿಂದಿನ ವಾರ ಇಬ್ಬರು ಅಧ್ಯಾಪಕರು ಪಕ್ಕದ ಕೊಠಡಿಯಲ್ಲಿ ಕುಳಿತು ತೆರೆಯ ಮೇಲೆ ಒಂದು ಅಭ್ಯಾಸ ಸಂದರ್ಶನ ನಡೆಸಿಕೊಟ್ಟರೆ, ಆಗುವ ವೆಚ್ಚ ಏನೂ ಇಲ್ಲ. ಕೊಠಡಿ ಬೇಕಾದವರು ಒಂದು ವಾರ ಮುಂಚೆ ಗ್ರಂಥಾಲಯದ ಪುಸ್ತಕದಲ್ಲಿ ಹೆಸರು ಬರೆಸುವಂತೆ ಮಾಡಿದರೆ ಸಾಕು.