ಕೆನಡಾ ಕರೆದವರು, ಕೆನಡಾ ತಡೆದವರು

ದೂರದ ಬೆಟ್ಟ ನುಣ್ಣಗೆ ಎಂದು ಹೇಳಿ ವಲಸೆಯ ವಿಚಾರವನ್ನು ಮುಗಿಸಿಬಿಡುವುದು ನಮ್ಮಲ್ಲಿ ವಾಡಿಕೆ. ಹೊರದೇಶಕ್ಕೆ ಹೋದವರಿಗೆ ಡಾಲರಿನ ಆಸೆ, ಅಷ್ಟೆ ಎನ್ನುತ್ತೇವೆ. ಆಸೆ ಇಲ್ಲವೆಂದಲ್ಲ. ಆದರೆ ಶ್ರೀಮಂತಿಕೆ ಎಳೆಯುವುದು, ಬಡತನ ದೂಡುವುದು ಇವೆರಡೇ ಕಾರಣಗಳಾಗಿದ್ದರೆ ಜಗತ್ತಿನ ಕಡುಬಡವರೇ ಎಲ್ಲರಿಗಿಂತ ಮೊದಲು ಹಡಗು ಹತ್ತಬೇಕಾಗಿತ್ತು. ಹಾಗಾಗಲಿಲ್ಲ. ಹೋಗಲು ಪ್ರಯಾಣದ ಹಣ ಬೇಕು, ಅಲ್ಲಿ ಗುರುತಿನವರೊಬ್ಬರು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಆ ದೇಶ ಬಾಗಿಲು ತೆರೆದಿರಬೇಕು. ಈ ಮೂರನೆಯ ಸಂಗತಿ ಎಷ್ಟು ದೊಡ್ಡದೆಂಬುದನ್ನು ತಿಳಿಯಲು ಕೆನಡಾದ ಚರಿತ್ರೆಯನ್ನು ನೋಡಬೇಕು. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆಯಲ್ಲಿ ಶೇ. 23ರಷ್ಟು ಮಂದಿ ಹೊರಗಿನಿಂದ ಬಂದು ನೆಲೆಸಿದವರು. ಟೊರಾಂಟೊ ಮಹಾನಗರದಲ್ಲಂತೂ ಈ ಪ್ರಮಾಣ ಅರ್ಧಕ್ಕೆ ಸಮೀಪ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆನಡಾದ ಪಶ್ಚಿಮದ ಬಯಲಿನಲ್ಲಿ ನೆಲವಿತ್ತು, 1885ರಲ್ಲಿ ಪೂರ್ಣಗೊಂಡ ರೈಲುಹಾದಿಯೂ ಇತ್ತು, ಉಳುವವರು ಸಾಲದಾಗಿದ್ದರು. (ನೆಲ ಖಾಲಿ ಇತ್ತು ಎಂದು ಬರೆಯುವುದು ರೂಢಿ. ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳನ್ನು ಮೀಸಲು ಪ್ರದೇಶಗಳಿಗೆ ಒತ್ತರಿಸಿದ ಮೇಲೆ ಅದು ಖಾಲಿಯಾದದ್ದು.) 1872ರ ಕಾನೂನಿನ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿದವನಿಗೆ 160 ಎಕರೆ ದೊರೆಯುತ್ತಿತ್ತು, ಮನೆ ಕಟ್ಟಿ ಮೂರು ವರ್ಷ ಸಾಗುವಳಿ ಮಾಡಿದರೆ ಅದು ಅವನದೇ. 1896ರಲ್ಲಿ ಒಳಾಡಳಿತ ಸಚಿವನಾದ ಕ್ಲಿಫರ್ಡ್ ಸಿಫ್ಟನ್ ಈ ಸುದ್ದಿಯನ್ನು ಯುರೋಪಿನ ಹಳ್ಳಿಗಳಿಗೆ ಮುಟ್ಟಿಸಿದ. ಅವನಿಗೆ ಪೇಟೆಯ ಜನ ಬೇಕಿರಲಿಲ್ಲ. ಕುರಿಚರ್ಮದ ಕೋಟು ತೊಟ್ಟ, ಚಳಿಗೆ ಬೆದರದ ರೈತ ಬೇಕಾಗಿದ್ದ. ಆಸ್ಟ್ರಿಯಾ ಸಾಮ್ರಾಜ್ಯದ ಗಲೀಷಿಯಾ ಪ್ರಾಂತ್ಯದಲ್ಲಿ ಮಕ್ಕಳಿಗೆ ಹಂಚಿ ಹಂಚಿ ಹೊಲಗಳು ತುಂಡಾಗಿದ್ದವು. ಅಲ್ಲಿನ ಉಕ್ರೇನಿ ರೈತನಿಗೆ 160 ಎಕರೆ ಎಂದರೆ ಜಮೀನ್ದಾರನ ಆಸ್ತಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಸುಮಾರು 1,70,000 ಉಕ್ರೇನಿಯರು ಕೆನಡಾ ಸೇರಿದರು. 1913ರ ಒಂದೇ ವರ್ಷದಲ್ಲಿ ಎಲ್ಲ ಕಡೆಯಿಂದ ಬಂದವರು ನಾಲ್ಕು ಲಕ್ಷ. ಎರಡು ವರ್ಷದ ಹಿಂದೆ ಆ ದೇಶದ ಒಟ್ಟು ಜನಸಂಖ್ಯೆ ಇದ್ದದ್ದು 72 ಲಕ್ಷ ಮಾತ್ರ!

ಅದೇ ಕಾಲದಲ್ಲಿ ಇನ್ನೊಂದು ದಿಕ್ಕಿನ ಬಾಗಿಲು ಮುಚ್ಚುತ್ತಿತ್ತು. ರೈಲುಹಾದಿಗಾಗಿ ಬಂಡೆ ಒಡೆದವರಲ್ಲಿ ಸಾವಿರಾರು ಚೀನೀಯರಿದ್ದರು. ಹಾದಿ ಮುಗಿದ ವರ್ಷವೇ ಚೀನಾದಿಂದ ಬರುವವರ ಮೇಲೆ ತಲೆಗಂದಾಯ ಬಿತ್ತು: ಮೊದಲು 50 ಡಾಲರ್, 1903ರ ಹೊತ್ತಿಗೆ 500 ಡಾಲರ್. 1923ರಲ್ಲಿ ಅವರ ಪ್ರವೇಶವನ್ನೇ ಬಹುಮಟ್ಟಿಗೆ ನಿಲ್ಲಿಸಲಾಯಿತು.

ಪಂಜಾಬಿನವರ ಕಥೆ ಇನ್ನೂ ವಿಚಿತ್ರ. ಜಲಂಧರ, ಹೋಶಿಯಾರ್‌ಪುರದ ಕಡೆಯ ಸಿಖ್ಖರು, ಅವರಲ್ಲಿ ಹಲವರು ಬ್ರಿಟಿಷ್ ಸೇನೆಯಲ್ಲಿ ದುಡಿದವರು, 1904ರ ಸುಮಾರಿಗೆ ಬ್ರಿಟಿಷ್ ಕೊಲಂಬಿಯಾದ ಮರದ ಕಾರ್ಖಾನೆಗಳಲ್ಲಿ ಕೂಲಿಗೆ ಸೇರತೊಡಗಿದರು. ಅವರು ಬ್ರಿಟಿಷ್ ಪ್ರಜೆಗಳು, ನೇರವಾಗಿ ತಡೆಯುವಂತಿಲ್ಲ. ಅದಕ್ಕೆ 1908ರಲ್ಲಿ ಉಪಾಯವೊಂದನ್ನು ಹೂಡಲಾಯಿತು. ಸ್ವದೇಶದಿಂದ ಎಲ್ಲಿಯೂ ಇಳಿಯದೆ, ಒಂದೇ ಟಿಕೇಟಿನಲ್ಲಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಬಂತು. ಭಾರತದಿಂದ ಹಾಗೆ ನೇರವಾಗಿ ಬರುವ ಅನುಕೂಲವೇ ಇರಲಿಲ್ಲ. ನಿಯಮದಲ್ಲಿ ಭಾರತದ ಹೆಸರೂ ಇಲ್ಲ, ಬಣ್ಣದ ಮಾತೂ ಇಲ್ಲ, ಆದರೂ ಕೆಲಸ ಆಯಿತು. 1914ರ ಮೇ ತಿಂಗಳಲ್ಲಿ ಗುರುದಿತ್ ಸಿಂಗ್ ಬಾಡಿಗೆಗೆ ಪಡೆದ ಕೊಮಗಾಟ ಮಾರು ಹಡಗು 376 ಪ್ರಯಾಣಿಕರೊಂದಿಗೆ ವ್ಯಾಂಕೂವರ್ ತಲಪಿತು. ಎರಡು ತಿಂಗಳು ದಡದ ಎದುರಿಗೇ ನಿಂತಿತ್ತು. ಹಿಂದೆ ಅಲ್ಲಿಯೇ ನೆಲೆಸಿದ್ದವರೆಂದು ತೋರಿಸಬಲ್ಲ ಕೆಲವರನ್ನು ಬಿಟ್ಟರೆ ಉಳಿದವರನ್ನು ಇಳಿಯಗೊಡಲಿಲ್ಲ. ಹಿಂದಿರುಗಿದ ಹಡಗು ಕಲ್ಕತ್ತೆಯ ಬಳಿಯ ಬಜ್‌ಬಜ್‌ಗೆ ಬಂದಾಗ ಪೊಲೀಸರ ಗುಂಡಿಗೆ ಸುಮಾರು ಇಪ್ಪತ್ತು ಮಂದಿ ಬಲಿಯಾದರು. ಹಿಂದಿನ ವರ್ಷ ನಾಲ್ಕು ಲಕ್ಷ ಮಂದಿಗೆ ಜಾಗವಿದ್ದ ದೇಶ ಅದು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದ್ದು 2016ರಲ್ಲಿ.

ಬಾಗಿಲು ತೆರೆದದ್ದು ಬರಿಯ ಔದಾರ್ಯದಿಂದಲ್ಲ. 1960ರ ದಶಕಕ್ಕೆ ಯುರೋಪು ಚೇತರಿಸಿಕೊಂಡಿತ್ತು. ಅಲ್ಲಿನವರಿಗೆ ಊರು ಬಿಡುವ ಜರೂರು ಕಡಿಮೆಯಾಗಿತ್ತು. ಕೆನಡಾಕ್ಕೆ ಈಗ ರೈತರ ಬದಲು ಎಂಜಿನಿಯರು, ವೈದ್ಯ, ಶಿಕ್ಷಕರು ಬೇಕಿದ್ದರು. 1962ರಲ್ಲಿ ಜನಾಂಗ ಭೇದದ ನಿಯಮಗಳನ್ನು ಬಹುಪಾಲು ಕೈಬಿಟ್ಟು, 1967ರಲ್ಲಿ ಅಂಕಪದ್ಧತಿಯನ್ನು ತಂದರು. ವಿದ್ಯೆಗೆ 20 ಅಂಕ, ವಯಸ್ಸಿಗೆ 10, ಇಂಗ್ಲಿಷು ಫ್ರೆಂಚಿಗೆ 10, ಹೀಗೆ ನೂರರಲ್ಲಿ 50 ಬಂದರೆ ತೇರ್ಗಡೆ. ನಮ್ಮ ಕಾಲೇಜುಗಳ ಅಂಕಪಟ್ಟಿಗೆ ಮೊದಲ ಬಾರಿಗೆ ಅಲ್ಲಿ ಬೆಲೆ ಬಂದದ್ದು ಆಗ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಿಂದ ಹೊರಟ ಚಂದ್ರ ಆರ್ಯ 2015ರಲ್ಲಿ ಕೆನಡಾದ ಸಂಸತ್ತಿಗೆ ಆಯ್ಕೆಯಾಗಿ, 2022ರಲ್ಲಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು.

ಒಬ್ಬ ಹೋದರೆ ಸಾಕು, ಹಿಂದೆಯೇ ತಮ್ಮ, ಭಾವಮೈದುನ, ಪಕ್ಕದ ಊರಿನವನು ಹೊರಡುತ್ತಾರೆ. ಬಾಡಿಗೆ ಮನೆ ಎಲ್ಲಿ, ಸೊಪ್ಪು ಬೇಳೆ ಸಿಗುವ ಅಂಗಡಿ ಯಾವುದು ಎಂದು ಹೇಳುವವರಿದ್ದರೆ ಪರದೇಶ ಅರ್ಧ ಪರದೇಶವಾಗುತ್ತದೆ. ವೈವಿಧ್ಯ ಹೀಗೆ ಬೆಳೆದದ್ದು. ಆಮೇಲೆ ಅದೇ ಒಂದು ಆಕರ್ಷಣೆಯಾಯಿತು. ದೇಶ ಇಂಗ್ಲಿಷರದೂ ಫ್ರೆಂಚರದೂ ಎಂದು ಆಯೋಗವೊಂದು 1960ರ ದಶಕದಲ್ಲಿ ವಿಚಾರಣೆಗೆ ಕುಳಿತಾಗ, ಹಾಗಾದರೆ ನಾವು ಯಾರು ಎಂದು ಗಟ್ಟಿಯಾಗಿ ಕೇಳಿದವರು ಕುರಿಚರ್ಮದ ಕೋಟಿನವರ ಮಕ್ಕಳು ಮೊಮ್ಮಕ್ಕಳೇ. 1971ರಲ್ಲಿ ಸರ್ಕಾರ ಬಹುಸಂಸ್ಕೃತಿಯ ನೀತಿಯನ್ನು ಘೋಷಿಸಿತು. 1988ರಲ್ಲಿ ಅದು ಕಾನೂನಾಯಿತು.

ಆದರೆ ವೀಸಾ ಕೊಡುವಾಗ ಎಣಿಸಿದ ಪದವಿಯನ್ನು ಕೆಲಸ ಕೊಡುವಾಗ ಎಣಿಸುತ್ತಿರಲಿಲ್ಲ. ಕೆನಡಾದಲ್ಲಿ ದುಡಿದ ಅನುಭವ ಇದೆಯೇ ಎಂದು ನಿನ್ನೆ ಇಳಿದವನನ್ನು ಕೇಳುತ್ತಿದ್ದರು. ಇದು ಮೇಲುನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಹೇಳಿತು. ಇಂಥ ನಿಯಮಗಳಿಂದಾಗಿ ಟ್ಯಾಕ್ಸಿ ಓಡಿಸಿದ ವೈದ್ಯರನ್ನೂ ಕಾವಲು ಕಾದ ಎಂಜಿನಿಯರರನ್ನೂ ಡಾಲರಿನ ಬೆನ್ನು ಹತ್ತಿದವರೆಂದು ಮೂದಲಿಸುವುದು ಸುಲಭ. ಅವರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಉಳಿದದ್ದು ಮಕ್ಕಳ ಶಾಲೆಗಾಗಿ.

ಮನೆ ಬಾಡಿಗೆ ಕೈಗೆಟುಕದಂತಾಗಿ ಜನರ ಅಸಮಾಧಾನ ಬೆಳೆದಾಗ ಬಾಗಿಲು ಮತ್ತೆ ಓರೆಯಾಯಿತು. 2024ರ ಜನವರಿಯಲ್ಲಿ ವಿದ್ಯಾರ್ಥಿ ವೀಸಾಗಳಿಗೆ ಮಿತಿ ಬಿತ್ತು. ಅದೇ ಅಕ್ಟೋಬರಿನಲ್ಲಿ, 2025ಕ್ಕೆ ಐದು ಲಕ್ಷವೆಂದು ಗೊತ್ತುಮಾಡಿದ್ದ ಕಾಯಂ ವಾಸಿಗಳ ಸಂಖ್ಯೆಯನ್ನು 3,95,000ಕ್ಕೆ ಇಳಿಸಲಾಯಿತು. ಈ ಸಲ ಪೆಟ್ಟು ಬಿದ್ದವರಲ್ಲಿ ಬಹಳ ಮಂದಿ ಹಡಗಿನಲ್ಲಿ ಇರಲಿಲ್ಲ. ಕೆನಡಾದ ಕಾಲೇಜಿಗೆ ಶುಲ್ಕ ಕಟ್ಟಿ, ಓದು ಮುಗಿಸಿ, ಅಲ್ಲಿಯೇ ದುಡಿಯುತ್ತ ಕಾಯಂ ವಾಸದ ಪತ್ರಕ್ಕೆ ಕಾಯುತ್ತಿದ್ದರು.