ಹಸುವಿಗೆ ವಿಮೆ ಆಯಿತು, ನಿಮಗೆ?



ಹೋದ ಬೇಸಿಗೆಯಲ್ಲಿ ಸಿರುಗುಪ್ಪ ಕಡೆಯ ಒಂದು ಊರಿಗೆ ಹಸುಗಳ ಗರ್ಭ ಪರೀಕ್ಷೆಗೆಂದು ಹೋಗಿದ್ದೆ. ಒಂದು ಮನೆಯಲ್ಲಿ ಎರಡು ಎಚ್.ಎಫ್. ಹಸು ಇರಬೇಕಿತ್ತು. ಗೂಟ ಖಾಲಿ ಇದ್ದವು.

"ಮಾರಿದ್ವಿರೀ ಡಾಕ್ಟ್ರೇ. ನನಗ ಪಿತ್ತಕೋಶದಾಗ ಕಲ್ಲಾಗಿ ಆಪರೇಷನ್ ಆತು. ದವಾಖಾನಿ ಬಿಲ್ಲು ಕಟ್ಟಾಕ ಬ್ಯಾರೆ ದಾರಿ ಇರಲಿಲ್ಲ" ಎಂದರು ಆ ಅಕ್ಕ.

ಆ ಎರಡೂ ಹಸುವಿನ ಕಿವಿಗೆ ಓಲೆ ಹಾಕಿ ವಿಮೆ ಮಾಡಿಸಿದವನು ನಾನೇ. "ಯಶಸ್ವಿನಿ ಮಾಡಿಸಿರಲಿಲ್ಲೇನು?" ಎಂದು ಕೇಳಿದೆ. "ಹಸಕ್ಕ ಮಾಡಿಸೀನಿ ಅಂತ ನನಗ ನೆನಪೇ ಆಗಲಿಲ್ಲ ನೋಡ್ರಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಕೆಲಸದಲ್ಲಿ ಹಸುವಿನ ಆರೋಗ್ಯದ ಖರ್ಚಿಗೆ ಎರಡು ದಾರಿ ಇವೆ. ಕಾಲುಬಾಯಿ ಜ್ವರದ ಲಸಿಕೆ ಒಂದು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಪೂರ್ತಿ ಉಚಿತ. ಊರಿಗೆ ಬಂದಾಗ "ನೀವು ದುಡ್ಡು ಕಟ್ಟೀರೇನು?" ಎಂದು ನಾವು ಯಾರನ್ನೂ ಕೇಳುವುದಿಲ್ಲ. ಸಂಘಕ್ಕೆ ಹಾಲು ಹಾಕುವವರ ಹಸು, ಹಾಕದವರ ಎಮ್ಮೆ, ಎಲ್ಲಕ್ಕೂ ಸೂಜಿ. ನಾಲ್ಕು ದನ ಬಿಟ್ಟರೂ ರೋಗ ಊರಲ್ಲೇ ಉಳಿಯುತ್ತದೆ. ಇದರ ದುಡ್ಡು ತೆರಿಗೆಯದು. ಇನ್ನೊಂದು ದಾರಿ ವಿಮೆ. ಅಲ್ಲೂ ಪ್ರೀಮಿಯಂನ ಒಂದು ಪಾಲು ಸರ್ಕಾರದ್ದೇ, ಆದರೆ ನಿಮ್ಮ ಪಾಲು ಕಟ್ಟಿದರೆ ಮಾತ್ರ ಪರಿಹಾರ. ಮರೆತರೆ ಇಲ್ಲ.

ಮನುಷ್ಯರಿಗೂ ಇದೇ ಎರಡು ದಾರಿ.

"ನಾವೆಲ್ಲಿ ತೆರಿಗೆ ಕಟ್ಟತೀವಿ, ಅದು ಸಾಹುಕಾರರ ಬಾಬತ್ತು" ಎಂದು ಕುರುಗೋಡಿನ ಒಂದು ಮಹಿಳಾ ಸಂಘದ ಸಭೆಯಲ್ಲಿ ಒಬ್ಬರು ಹೇಳಿದರು. ಆದಾಯ ತೆರಿಗೆಯ ಮಾತಾದರೆ ಸರಿ. ಅದನ್ನು ಕಟ್ಟುವವರು ತೆರಿಗೆಯ ಮೇಲೆ ಇನ್ನೂ ಶೇ 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ ಕೊಡುತ್ತಾರೆ. ಆದರೆ ನೀವು ಕೊಳ್ಳುವ ಮೈಸೋಪಿನಲ್ಲಿ 2025ರ ಸೆಪ್ಟೆಂಬರ್ 22ರವರೆಗೆ ಶೇ 18 ಜಿಎಸ್‌ಟಿ ಇತ್ತು, ಈಗ ಶೇ 5 ಇದೆ. ನೀವೇ ಹಾಕಿದ ಹಾಲು ತುಪ್ಪವಾಗಿ ಅಂಗಡಿಗೆ ಬಂದರೆ ಅದಕ್ಕೂ ಶೇ 5. ಟ್ರ್ಯಾಕ್ಟರಿನ ಡೀಸೆಲ್‌ನಲ್ಲಿ ಕೇಂದ್ರದ ತೆರಿಗೆ ಬೇರೆ, ರಾಜ್ಯದ್ದು ಬೇರೆ. ಮನೆಯವರು ಸಂಜೆ ನಿಮ್ಮ ಹಾಲಿನ ಬಟವಾಡೆಯಿಂದ ನೂರು ರೂಪಾಯಿ ತೆಗೆದುಕೊಂಡು ಹೋದರೆ, ಅದರಲ್ಲೂ ಅಬಕಾರಿ ಸುಂಕವಾಗಿ ಒಂದು ಪಾಲು ಖಜಾನೆಗೆ ಹೋಗುತ್ತದೆ. (ಆ ತೆರಿಗೆ ಕಡಿಮೆಯಾದರೆ ನಿಮಗೆ ಬೇಸರವೇನೂ ಇರಲಿಕ್ಕಿಲ್ಲ.)

ಹೀಗೆ ಹೋದ ದುಡ್ಡಿನಿಂದಲೇ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರುವುದು, ವಿಧವಾ ವೇತನ, ಸಂಧ್ಯಾ ಸುರಕ್ಷಾ ಬರುವುದು, ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯ ನರ್ಸಮ್ಮನಿಗೆ ಸಂಬಳ ಆಗುವುದು. ಅಲ್ಲಿ ನೀವು ಪಡೆಯುವುದು ಪುಕ್ಕಟೆಯ ಔಷಧಿ ಅಲ್ಲ, ನೀವೇ ಸೋಪಿನ ಅಂಗಡಿಯಲ್ಲಿ ಮುಂಗಡ ಕೊಟ್ಟದ್ದು. ಹಾಗಾಗಿ ಅಲ್ಲಿ ಕೈಮುಗಿದು ಬೇಡುವುದು ಬೇಕಿಲ್ಲ, ಕೇಳಿದರೆ ಸಾಕು.

ಯಶಸ್ವಿನಿಯದು ಎರಡೂ ಸೇರಿದ ದಾರಿ. 2003ರಲ್ಲಿ ಸಹಕಾರಿ ರೈತರಿಗಾಗಿ ಶುರುವಾದಾಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ ವಂತಿಗೆ ಇತ್ತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು. ಬೇಕೇ ಬೇಕೆಂದು ಸಹಕಾರಿಗಳು ಕೇಳಿದ್ದರಿಂದ 2022-23ರ ಬಜೆಟ್‌ನಲ್ಲಿ 300 ಕೋಟಿ ರೂಪಾಯಿ ಇಟ್ಟು ಮತ್ತೆ ತಂದರು. ಹಳ್ಳಿಯ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ ತಲೆಗೆ 100. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಚಿಕಿತ್ಸೆ ವರ್ಷಕ್ಕೆ 5 ಲಕ್ಷದವರೆಗೆ, ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಮಾತ್ರ. ನಿಮ್ಮ 500 ರೂಪಾಯಿಯಿಂದಷ್ಟೇ ಇದು ನಡೆಯುವುದಿಲ್ಲ. ಹಿಂದೆ ನಿಂತಿರುವುದು ತೆರಿಗೆಯೇ.

ಇದರಲ್ಲಿ ನನಗೆ ಕಾಣುವ ಕೊರತೆ ಒಂದು. ನೋಂದಣಿ ವರ್ಷಕ್ಕೊಮ್ಮೆ. ಭತ್ತದ ನಾಟಿ ಗದ್ದಲದಲ್ಲಿ ತಾರೀಕು ತಪ್ಪಿದರೆ ಆ ಕುಟುಂಬ ಹೊರಗೇ. ತಪ್ಪುವವರು ಬಡವರೇ ಹೆಚ್ಚು. ಥಾಯ್ಲೆಂಡ್ ನಮ್ಮಂತೆಯೇ ಭತ್ತ ಬೆಳೆಯುವ ದೇಶ. ರೈತರಿಂದ, ಕೂಲಿಯವರಿಂದ ಮನೆ ಮನೆಗೆ ಹೋಗಿ ವಂತಿಗೆ ಎತ್ತುವುದು ಆಗದ ಮಾತೆಂದು ಅವರು 2002ರಲ್ಲಿ ಸಾಮಾನ್ಯ ತೆರಿಗೆಯಿಂದಲೇ ಎಲ್ಲರ ಚಿಕಿತ್ಸೆಯ ಕಾನೂನು ಮಾಡಿದರು. ಕಾಲುಬಾಯಿ ಲಸಿಕೆಯ ಲೆಕ್ಕ ಅದು. ನನ್ನ ಮತ ಅದರ ಕಡೆಗೆ. ಅಲ್ಲಿಯವರೆಗೆ ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವಂತಿಗೆ ಇಲ್ಲದೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಆದರೆ ತುರ್ತು ಚಿಕಿತ್ಸೆ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ್ದಕ್ಕೆ ಚೀಟಿ ಬರೆಸಿಕೊಂಡು ಮುಂದೆ. ನೇರ ಖಾಸಗಿಗೆ ಹೋಗಿ ಬಿಲ್ಲು ಬಂದ ಮೇಲೆ ಕಾರ್ಡು ತೋರಿಸಿದರೆ ನಡೆಯುವುದಿಲ್ಲ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು. ಅವರಿಗೇ ಯಶಸ್ವಿನಿ ಹೆಚ್ಚು ಬೇಕು.

ಸರ್ಕಾರಿ ಆಸ್ಪತ್ರೆ ಎಂದಕೂಡಲೇ ನೀವು ಕೇಳುವ ಪ್ರಶ್ನೆ ಗೊತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಸರಬರಾಜಾದ ಗ್ಲೂಕೋಸ್ ಬಾಟಲಿಯಂಥ ದ್ರಾವಣದ ಮೇಲೆ ಅನುಮಾನ ಬಂತು. ಆ ಜಾತಿಯ ದ್ರಾವಣವನ್ನು ನಾವು ಹಸುಗಳಿಗೂ ಏರಿಸುತ್ತೇವೆ. ಅಂದಿನಿಂದ ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ತೆರಿಗೆ ಹಣದಲ್ಲಿ ಕಟ್ಟಡ ಏಳುವುದು ಎಲ್ಲರಿಗೂ ಕಾಣುತ್ತದೆ, ಔಷಧಿ ಪರೀಕ್ಷೆ ಮಾಡುವ ಪ್ರಯೋಗಾಲಯ ಯಾರಿಗೂ ಕಾಣುವುದಿಲ್ಲ. ಹಾಲಿನ ಫ್ಯಾಟ್, ಎಸ್.ಎನ್.ಎಫ್. ದಿನಾ ಅಳೆಯಿಸಿಕೊಳ್ಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ಹಣವಿದೆ. 2015ರ ಕಾನೂನಿನಂತೆ ಗಣಿ ಮಾಲೀಕರು ರಾಜಧನದ ಜೊತೆಗೆ, ಹಳೆಯ ಗುತ್ತಿಗೆಗಾದರೆ ಅದರ ಶೇ 30, ಹರಾಜಿನದ್ದಾದರೆ ಶೇ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಕುಡಿಯುವ ನೀರು, ಆರೋಗ್ಯ, ವೃದ್ಧರ ಮತ್ತು ಅಂಗವಿಕಲರ ಆರೈಕೆ ಇದರ ಆದ್ಯತೆಯ ಪಟ್ಟಿಯಲ್ಲಿವೆ. ಮೊದಲ ಹಕ್ಕು ಸಂಡೂರು ಭಾಗದ ಗಣಿಬಾಧಿತ ಊರುಗಳದು, ಅದು ನ್ಯಾಯವೇ. ಆದರೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬರುವವರು ಎಲ್ಲ ತಾಲ್ಲೂಕಿನವರು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಮಾತು ಮುಗಿದ ಮೇಲೆ, ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಎಷ್ಟು ದಿನ ಇರಲಿಲ್ಲ ಎಂದೂ ಒಬ್ಬರು ಎದ್ದು ಕೇಳಿ.

ಈ ವರ್ಷದ ಯಶಸ್ವಿನಿ ಕೊನೆಯ ದಿನ ಯಾವುದೆಂದು ನಿಮ್ಮ ಸಂಘದ ಕಾರ್ಯದರ್ಶಿಯನ್ನು ನಾಳೆ ಹಾಲು ಹಾಕುವಾಗಲೇ ಕೇಳಿ. ಆಧಾರ್, ರೇಷನ್ ಕಾರ್ಡು, ಮನೆಯವರ ಫೋಟೋ ಒಂದು ಚೀಲದಲ್ಲಿ ಹಾಕಿಟ್ಟುಕೊಳ್ಳಿ.

ಸಿರುಗುಪ್ಪ ಕಡೆಯ ಆ ಅಕ್ಕ ಈಗ ಒಂದು ಹೆಣ್ಣು ಕರು ತಂದು ಕಟ್ಟಿದ್ದಾರೆ. ಅದು ಕರು ಹಾಕಿ ಹಾಲು ಕೊಡಲು ಇನ್ನೂ ಎರಡು ವರ್ಷ ಬೇಕು.