ಕ್ಯಾಮೆರಾದ ನೆತ್ತಿಯ ಮೇಲಿನ ಕಿಂಡಿ

ಹಾಸನ ಸೀಮೆಯ ಗುಡಿಗಳಲ್ಲಿ ಫೋಟೊ ತೆಗೆಯುವವರಿಗೆ ಬೆಳಕಿಗಿಂತ ದೊಡ್ಡ ತೊಡಕು ನಿಲ್ಲುವ ಜಾಗದ್ದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿಯ ಆನೆಗಳ ಸಾಲು ಗೋಡೆಯ ಬುಡದಲ್ಲೇ ಶುರುವಾಗುತ್ತದೆ. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯಲ್ಲಿ 1113ರ ಲಕ್ಷ್ಮೀದೇವಿ ಗುಡಿಯೊಳಗೆ ಹೋದರೆ ಕತ್ತೆತ್ತಿ ಚಾವಣಿ ನೋಡಬೇಕು. ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು ನಿಂತವರಿಗೆ ಎರಡೂ ಓರೆಯಾಗಿಯೇ ಸಿಗುತ್ತವೆ. ಹಳೆಯ 120 ರೋಲ್ ಕ್ಯಾಮೆರಾಗಳ ಹುಡ್, ಭೂತಗನ್ನಡಿ, ಪ್ರಿಸಂ, ಕ್ರೀಡಾ ಕಿಂಡಿ ಇವೆಲ್ಲ ಈಗ ಶೋಕೇಸಿನ ವಸ್ತುಗಳಾಗಿ ಕೈ ಬದಲಾಯಿಸುತ್ತಿವೆ. ನನ್ನ ಪ್ರಕಾರ ಇದು ದೊಡ್ಡ ನಷ್ಟ. ಲೆನ್ಸ್ ಚಿತ್ರದ ಹರಿತವನ್ನು ತೀರ್ಮಾನಿಸಿದರೆ, ತೆಗೆಯುವವರ ಮೈ ಎಲ್ಲಿರಬೇಕು, ಕಣ್ಣು ಯಾವ ಎತ್ತರದಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ವ್ಯೂಫೈಂಡರ್.

ಗಾಜಿನ ಮೇಲೆ ಬಿಂಬ ನೋಡುವ ಕ್ರಮ ಈ ಜಿಲ್ಲೆಗೆ ಹೊಸದಲ್ಲ. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳ ಫೋಟೊ ತೆಗೆದ ಕಾಲದಲ್ಲಿ ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಗುಡಿಯನ್ನು ನೋಡಬೇಕಿತ್ತು. 1929ರಲ್ಲಿ ಜರ್ಮನಿಯಿಂದ ಬಂದ ರೋಲಿಫ್ಲೆಕ್ಸ್ ಆ ಗಾಜನ್ನು ಕ್ಯಾಮೆರಾದ ನೆತ್ತಿಗೆ ತಂದಿತು. ಕೆಳಗಿನ ಲೆನ್ಸ್ ಫಿಲ್ಮಿಗೆ, ಮೇಲಿನದು ಕಣ್ಣಿಗೆ. ನಡುವೆ ಓರೆಯಾಗಿ ನಿಲ್ಲಿಸಿದ ಕನ್ನಡಿ ಬಿಂಬವನ್ನು ನೇರ ಮಾಡುತ್ತದೆ, ಎಡಬಲ ಮಾತ್ರ ಅದಲುಬದಲು. ಕಪ್ಪು ಬಟ್ಟೆಯ ಕೆಲಸವನ್ನು ಮಡಚುವ ಲೋಹದ ಹುಡ್ ವಹಿಸಿಕೊಂಡಿತು. ಜಪಾನಿನ ಯಾಶಿಕಾ ಇದೇ ಬಗೆಯನ್ನು ಕಡಿಮೆ ಬೆಲೆಗೆ ಕೊಟ್ಟಿತು. ಒಂದು ರೋಲಿಗೆ 12 ಚೌಕ ಚಿತ್ರ. ಈ ಕ್ಯಾಮೆರಾ ಎದೆಮಟ್ಟದಲ್ಲಿ ನಿಲ್ಲುವುದರಿಂದ ಕುರ್ಚಿಯಲ್ಲಿ ಕೂತ ಅಜ್ಜಿಯ ಮುಖಕ್ಕೂ ಲೆನ್ಸಿಗೂ ಹೆಚ್ಚು ಕಡಿಮೆ ಒಂದೇ ಎತ್ತರ. ತೆಗೆಯುವವರ ಮುಖ ಮರೆಯಾಗುವುದಿಲ್ಲ, ಮಾತಾಡಿಸುತ್ತಲೇ ಗುಂಡಿ ಒತ್ತಬಹುದು. ಹಳೆಯ ಸ್ಟುಡಿಯೊ ಫೋಟೊಗಳಲ್ಲಿ ಕಾಣುವ ಗಾಂಭೀರ್ಯದಲ್ಲಿ ಈ ಎತ್ತರದ ಪಾಲು ಸಣ್ಣದಲ್ಲ.

ಹುಡ್ಡಿನೊಳಗೇ ಹಲವು ಉಪಾಯಗಳು ಅಡಗಿವೆ. ಒಳಗಿನ ಪುಟ್ಟ ಭೂತಗನ್ನಡಿಯನ್ನು ಎತ್ತಿ ಕಣ್ಣು ಹತ್ತಿರ ತಂದರೆ ಗಾಜಿನ ಕಾಳುಗಳ ನಡುವೆ ಶಿಲೆಯ ಹಾರದ ಒಂದೊಂದು ಮಣಿಯೂ ಬಿಡಿಸಿಕೊಂಡು ನಿಲ್ಲುತ್ತದೆ. ಕ್ಯಾಮೆರಾವನ್ನು ಜಗತಿಯ ಮೇಲಿಟ್ಟು ಮೇಲಿಂದ ಬಗ್ಗಿ ನೋಡಿದರೆ ಬುಡದ ಆನೆ ನೇರವಾಗಿ ಎದುರಾಗುತ್ತದೆ. ಬೆನ್ನ ಮೇಲೆ ಮಲಗಿಸಿದರೆ ಲೆನ್ಸ್ ಚಾವಣಿಗೆ ತಿರುಗಿ, ಹುಡ್ ಪಕ್ಕಕ್ಕೆ ಬಾಯಿ ತೆರೆಯುತ್ತದೆ, ಮಂಡಿಯೂರಿದರೆ ಸಾಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಷಷ್ಠಿ ತೇರಿನ ಜನಸಂದಣಿಯಲ್ಲಾದರೆ ಕ್ಯಾಮೆರಾವನ್ನೇ ತಲೆಕೆಳಗಾಗಿ ಮೇಲೆತ್ತಿ ಕೆಳಗಿನಿಂದ ಗಾಜು ನೋಡಬಹುದು. ಆದರೆ ತೇರು ಹೊರಟಿತೆಂದರೆ ಕಷ್ಟ ಶುರು. ಅದು ಬಲಕ್ಕೆ ಸಾಗಿದರೆ ಗಾಜಿನ ಮೇಲೆ ಎಡಕ್ಕೆ ಸಾಗುತ್ತದೆ, ಕೈ ತಪ್ಪುವುದು ಸಹಜ. ಅದಕ್ಕೇ ಕ್ರೀಡಾ ಕಿಂಡಿ ಇರುವುದು. ಹುಡ್ಡಿನ ಮುಂದಿನ ರೆಕ್ಕೆಯನ್ನು ಒಳಕ್ಕೆ ಮಡಚಿ, ಹಿಂದಿನ ಚೌಕದಿಂದ ನೋಡಿದರೆ ಕನ್ನಡಿಯೂ ಇಲ್ಲ ಗಾಜೂ ಇಲ್ಲ, ಕಣ್ಣು ಮತ್ತು ತೇರು ಮಾತ್ರ. ಹೊಳೆನರಸೀಪುರದ ಹೇಮಾವತಿಯ ದಡದಲ್ಲಿ ಹಾರುವ ಹಕ್ಕಿಗೂ ಇದೇ ಕಿಂಡಿ ಸರಿ. ಹುಡ್ ಕಳಚಿ ಪ್ರಿಸಂ ಕೂರಿಸಿಕೊಳ್ಳುವ ಮಾದರಿಗಳಲ್ಲಿ ಬಿಂಬ ಎಡಬಲವೂ ಸರಿಯಾಗಿ ಕಣ್ಣಿನೆತ್ತರಕ್ಕೆ ಬರುತ್ತದೆ. ಭಾರ ಮಾತ್ರ ಜಾಸ್ತಿ, ಎದೆಮಟ್ಟದ ಲಾಭವೂ ಹೋಗುತ್ತದೆ. ಗುಡಿಯ ಕೆಲಸಕ್ಕೆ ನಾನು ಪ್ರಿಸಮ್ಮನ್ನು ಶಿಫಾರಸು ಮಾಡುವುದಿಲ್ಲ.

ಇದಕ್ಕೆಲ್ಲ ಒಂದು ಸಿದ್ಧ ಆಕ್ಷೇಪವಿದೆ: ಈಗಿನ ಡಿಜಿಟಲ್ ಕ್ಯಾಮೆರಾದ ತಿರುಗುವ ಪರದೆ ಇಷ್ಟನ್ನೂ ಮಾಡುತ್ತದಲ್ಲ? ಮಾಡುತ್ತದೆ, ಒಪ್ಪಬೇಕಾದ ಮಾತು. ಆದರೆ ಉಜ್ಜಿದ ಗಾಜಿನ ಬಿಂಬವನ್ನು ಯಾವ ಯಂತ್ರವೂ ತಿದ್ದಿರುವುದಿಲ್ಲ, ಕತ್ತಲೆಯ ಮೂಲೆ ಗಾಜಿನ ಮೇಲೂ ಕತ್ತಲೆಯೇ. ಕೈಯಲ್ಲಿರುವುದು 12 ಚಿತ್ರ ಮಾತ್ರ ಆದಾಗ ಆ ಕತ್ತಲೆಯನ್ನು ಲೆಕ್ಕ ಹಾಕಿಯೇ ಗುಂಡಿ ಒತ್ತಬೇಕಾಗುತ್ತದೆ. ಇನ್ನೊಂದು ಆಕ್ಷೇಪ ನಿಖರತೆಯದು, ಅದು ಹೆಚ್ಚು ಗಟ್ಟಿಯಾದದ್ದು. ಎರಡು ಲೆನ್ಸುಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರವಿದೆ, ಕಂಡದ್ದೇ ಫಿಲ್ಮಿನಲ್ಲಿ ಬರುವುದಿಲ್ಲ. ದೂರದ ಗೋಪುರಕ್ಕೆ ಈ ಅಂತರ ಲೆಕ್ಕಕ್ಕಿಲ್ಲ. ಒಂದು ಮೀಟರಿಗಿಂತ ಹತ್ತಿರದ ಶಿಲ್ಪಕ್ಕೆ ಖಂಡಿತ ಲೆಕ್ಕಕ್ಕಿದೆ, ಅದನ್ನು ಸರಿದೂಗಿಸಲೆಂದೇ ರೋಲಿನಾರ್ ಎಂಬ ಜೋಡಿ ಲೆನ್ಸಿನ ಮೇಲಿನ ಭಾಗದಲ್ಲಿ ನೋಟವನ್ನು ಕೆಳಕ್ಕೆ ಬಾಗಿಸುವ ಗಾಜು ಇಟ್ಟಿದ್ದಾರೆ. ಕ್ರೀಡಾ ಕಿಂಡಿ ಒರಟು ಅಂದಾಜೇ ಹೌದು. ಆದರೆ 1969ರಲ್ಲಿ ಚಂದ್ರನ ನೆಲದಲ್ಲಿ ಬಳಸಿದ ಹ್ಯಾಸಲ್‌ಬ್ಲಾಡ್ ಕ್ಯಾಮೆರಾದಲ್ಲಿ ಒಳಗಿನ ಕನ್ನಡಿಯೂ ಇರಲಿಲ್ಲ, ಬಿಂಬ ನೋಡುವ ಗಾಜೂ ಇರಲಿಲ್ಲ. ಎದೆಗೆ ಕಟ್ಟಿಕೊಂಡು ಗುರಿಯಿಟ್ಟು ತೆಗೆದ ಆ ಚಿತ್ರಗಳು ಇಡೀ ಜಗತ್ತಿಗೆ ಗೊತ್ತು. ಚೌಕದ ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆದು, ಪ್ರಿಂಟ್ ಹಾಕುವಾಗ ಕತ್ತರಿಸಿಕೊಳ್ಳುವ ಅಭ್ಯಾಸ ಇದ್ದರೆ ಅಂದಾಜೂ ಸಾಕಾಗುತ್ತದೆ.

ಬಳಸಲು ಮನಸ್ಸಿದ್ದವರು ಮೊದಲು ನೋಡಬೇಕಾದ್ದು ಕನ್ನಡಿ. ಮನೆಯ ಕನ್ನಡಿಗೆ ಲೇಪ ಹಿಂದಿರುತ್ತದೆ, ಇದಕ್ಕೆ ಮೇಲ್ಮೈಯಲ್ಲೇ. ಬಟ್ಟೆಯಿಂದ ಉಜ್ಜಿದರೆ ಗೀರು ಖಾತ್ರಿ, ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿದರೆ ಸಾಕು. ಚನ್ನರಾಯಪಟ್ಟಣದ ಬಯಲುಸೀಮೆಗಿಂತ ಅರಕಲಗೂಡಿನ ಕಡೆ ಮಳೆಗಾಲದ ತೇವ ಹೆಚ್ಚು. ಹಳೆಯ ಚರ್ಮದ ಕೇಸಿನಲ್ಲೇ ಮುಚ್ಚಿಟ್ಟರೆ ಭೂತಗನ್ನಡಿಗೂ ಪ್ರಿಸಮ್ಮಿಗೂ ಬೂಷ್ಟು ಹಿಡಿಯುತ್ತದೆ. ಆಮೇಲೆ ಎರಡು ಲೆನ್ಸುಗಳ ಹೊಂದಾಣಿಕೆ. ಹಿಂದಿನ ಬಾಗಿಲು ತೆರೆದು, ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ, ಶಟರನ್ನು ‘ಬಿ’ಯಲ್ಲಿ ತೆರೆದಿಟ್ಟು ದೂರದ ತಂತಿಕಂಬವೊಂದಕ್ಕೆ ಫೋಕಸ್ ಮಾಡಬೇಕು. ನೆತ್ತಿಯ ಗಾಜಿನಲ್ಲಿ ಕಂಬ ಸ್ಪಷ್ಟವಾದಾಗಲೇ ಕಾಗದದ ಮೇಲೂ ಸ್ಪಷ್ಟವಾದರೆ ರೋಲ್ ಹಾಕಬಹುದು. ಇಲ್ಲವಾದರೆ ಪ್ರಿಸಮ್ಮಿಗೆ ಎತ್ತಿಟ್ಟ ಹಣವನ್ನು ರಿಪೇರಿಯವರಿಗೆ ಕೊಟ್ಟು ಮೇಲಿನ ಲೆನ್ಸನ್ನು ಸರಿಗೂಡಿಸಿಕೊಳ್ಳುವುದು ಒಳ್ಳೆಯದು.